ಸದ್ಯಕ್ಕೆ ಎಂಬ ಬಾಬ್ತು

ಜನವರಿ 13, ಸೋಮವಾರ

ನಮ್ಮ ಆಸ್ಪತ್ರೆಯ ಡಾಕ್ಟರು ನನ್ನ ರಕ್ತದೊತ್ತಡ ನೋಡಿ, "ಸಿಟ್ಟು ಬಂದಾಗ ಯಾರ ಮೇಲೂ ಹಾರಾಡಬೇಡಿ ಮೇಡಂ, ಮನೆಗೆ ಹೋಗಿ ಬರೆದಿಡಿ" ಎಂದರು. ಮಾತ್ರೆಗಿಂತ ಅಗ್ಗ ಎಂದು ಒಪ್ಪಿಕೊಂಡು ಈ ನೋಟ್‌ಬುಕ್ ತಂದಿದ್ದೇನೆ.

ಇವತ್ತಿನ ಮೊದಲ ಸಿಟ್ಟು ಅಣ್ಣನ ಮೇಲೆ. ಅವನಿಗೆ ಮೊಣಕಾಲಿನ ಆಪರೇಷನ್ ಆಗಿದೆ. ಅವನ ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ, ಆದ್ದರಿಂದ ಎರಡು ತಿಂಗಳು ಲಿಫ್ಟ್ ಇರುವ ನನ್ನಲ್ಲಿ. ನಾನೊಬ್ಬಳೇ ಇರುವ ಎರಡು ಕೋಣೆಯ ಮನೆ, ಮುಂದಿನ ಕೋಣೆ ಈಗ ಅವನ ವಶ. ಮೂವತ್ತನಾಲ್ಕು ವರ್ಷ ಬಸ್ ಕಂಡಕ್ಟರ್ ಆಗಿದ್ದವನು ಬಾಯಿ ಮುಚ್ಚಿ ಕೂರುವ ಪೈಕಿಯಲ್ಲ. ಬಂದು ನಾಲ್ಕು ದಿನ ಆಗಿಲ್ಲ, ಕೆಳಗಿನ ಮನೆಯವರು ದರ್ಜಿ, ಅವರ ಹೆಂಡತಿಗೆ ಕಿವಿನೋವು ಎಂದೆಲ್ಲ ನನಗೆ ವರದಿ ಒಪ್ಪಿಸುತ್ತಾನೆ. ಹನ್ನೊಂದು ವರ್ಷ ಈ ಸಂಗತಿಗಳಿಲ್ಲದೆ ನಾನು ಹಾಯಾಗಿದ್ದೆ.

ಎರಡನೇ ಸಿಟ್ಟು ಹೊಸ ಸಂಬಳ ಸಾಫ್ಟ್‌ವೇರ್ ಮೇಲೆ. ಮಾರ್ಚ್ ತಿಂಗಳ ಸಂಬಳ ಅದರಲ್ಲೇ ಆಗಬೇಕಂತೆ. ಅದನ್ನು ಕೂರಿಸಲು ಕಂಪನಿಯವರು ಒಬ್ಬ ಹುಡುಗಿಯನ್ನು ಕಳಿಸಿದ್ದಾರೆ. ಹೆಸರಿನ ನಡುವೆ ಜಾಗ ಬಿಡಬೇಡಿ, ಅಡ್ಡಗೆರೆ ಹಾಕಿ ಎಂದು ಬೆಳಿಗ್ಗೆಯಿಂದ ಇಪ್ಪತ್ತು ಸಲ ಹೇಳಿದಳು. ಮನಸ್ಸಿನಲ್ಲೇ ಅವಳಿಗೆ ಅಡ್ಡಗೆರೆ ಎಂದು ಹೆಸರಿಟ್ಟೆ. ಸ್ವಲ್ಪ ಒತ್ತಡ ಇಳಿಯಿತು.

ಜನವರಿ 15, ಬುಧವಾರ

ಅಡ್ಡಗೆರೆಯನ್ನು ಬೈದದ್ದು ತಪ್ಪು. ಅವಳ ನಿಯಮಗಳು ನನಗೆ ಬಹಳ ಹಿಡಿಸಿವೆ.

ಸಂಬಳ ಚೀಟಿಯಲ್ಲಿ ಬರುವ ಒಂದೊಂದು ಸಾಲಿಗೂ ನಮ್ಮ ವಿಭಾಗದಲ್ಲಿ ಬಾಬ್ತು ಎನ್ನುತ್ತೇವೆ. ಮೂಲ ಸಂಬಳ ಒಂದು ಬಾಬ್ತು, ಪಾಳಿ ಭತ್ಯೆ ಒಂದು ಬಾಬ್ತು, ಸಾಲದ ಕಡಿತ ಒಂದು ಬಾಬ್ತು. ಹಳೇ ವ್ಯವಸ್ಥೆಯಲ್ಲಿ ಇಂಥವು ಮುನ್ನೂರ ಹನ್ನೆರಡು ಇವೆ. ಮುಕ್ಕಾಲು ಪಾಲಿಗೆ ಹೆಸರಿಟ್ಟವರು ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದ ಹಳೇ ಹೆಡ್‌ಕ್ಲರ್ಕ್. ಮನುಷ್ಯ ಹೇಗೆ ಹೆಸರಿಟ್ಟಿದ್ದಾರೆ ನೋಡಿ: "ಹಳೇ ಬಾಕಿ". ಅದರ ಕೆಳಗೆ "ಹೊಸ ಹಳೇ ಬಾಕಿ". ಆಮೇಲೆ "ಡೈರೆಕ್ಟರ್ ಹೇಳಿದ್ದು". "ಆ ವರ್ಷದ್ದು". "ಡ್ರೈವರ್ ಗಲಾಟೆ". ಒಂದಕ್ಕೆ ಬರೀ "ಸದ್ಯಕ್ಕೆ". ಓದಿ ಓದಿ ತಲೆ ಚಚ್ಚಿಕೊಂಡೆ.

ಇನ್ನು ಮುಂದೆ ಹೆಸರಿನ ಮೊದಲ ಭಾಗ ಅದರ ಜಾತಿ ಹೇಳಬೇಕು. ಖಾಯಂ ಕೊಡುವಂಥದ್ದಾದರೆ "ನಿಯತ", ಕೆಲವು ದಿನದ್ದಾದರೆ "ತಾತ್ಕಾ", ಹಿಡಿಯುವಂಥದ್ದಾದರೆ "ಕಡಿತ". ಆಮೇಲೆ ಅಡ್ಡಗೆರೆ, ವಿಭಾಗ, ಅಡ್ಡಗೆರೆ, ವಿಷಯ. ಮೂವತ್ತು ಅಕ್ಷರ ದಾಟಬಾರದು. ಮನುಷ್ಯರ ಹೆಸರು ಕೂಡದು. ಇಸವಿ ಕೂಡದು. ಆ ಹೆಸರಿನಲ್ಲಿ ಒಮ್ಮೆ ಸಂಬಳದ ರನ್, ಅಂದರೆ ಎಲ್ಲರ ಲೆಕ್ಕವೂ ಒಟ್ಟಿಗೆ, ಆಗಿಬಿಟ್ಟರೆ ಮತ್ತೆ ಬದಲಿಸಲು ಬರುವುದಿಲ್ಲ. ಎಷ್ಟು ಶುಭ್ರವಾಗಿದೆ! ಮನೆಯನ್ನೂ ಹೀಗೇ ಇಡಲು ಬಂದಿದ್ದರೆ.

"ವಿವರಣೆ ಕಾಲಂ ಇದೆ ಮೇಡಂ, ಅದರಲ್ಲಿ ಏನು ಬರೆಯೋಣ?" ಎಂದು ಕೇಳಿದಳು. ಖಾಲಿ ಬಿಡಿ ಎಂದೆ. ಸರಿಯಾದ ಹೆಸರಿಗೆ ವಿವರಣೆ ಯಾಕೆ?

ಜನವರಿ 23, ಗುರುವಾರ

ಅರವತ್ತು ಬಾಬ್ತು ಮುಗಿದವು. ಅಣ್ಣ ಕೆಳಗಿನ ದರ್ಜಿಯನ್ನು ಕರೆದು ನನ್ನ ಕುರ್ಚಿಯಲ್ಲಿ ಕೂರಿಸಿ ಟೀ ಕೊಟ್ಟಿದ್ದ. ನನ್ನ ಲೋಟದಲ್ಲಿ.

ಜನವರಿ 28, ಮಂಗಳವಾರ

ಪ್ರತಿ ತಿಂಗಳು ಇಪ್ಪತ್ತೆಂಟಕ್ಕೆ ಸಂಬಳ. ಕಿಟಕಿಯಲ್ಲಿ ಕೂತು ಚೀಟಿ ಹಂಚಿದೆ. ಸಾವಿರದ ನೂರ ನಲವತ್ತು ಜನ. ಮುಖ ನೆನಪಿರುವುದಿಲ್ಲ, ಸಿಬ್ಬಂದಿ ನಂಬರ್ ಹೇಳಿದರೆ ಮೂಲ ಸಂಬಳದಿಂದ ಹಿಡಿದು ಸಾಲದ ಕಂತಿನವರೆಗೆ ಗಡಗಡ ಹೇಳುತ್ತೇನೆ. ಹದಿನೇಳು ವರ್ಷದಲ್ಲಿ ನನ್ನ ಕೈಯಿಂದ ಒಂದು ತಪ್ಪು ಚೀಟಿ ಹೊರಗೆ ಹೋಗಿಲ್ಲ.

ಲಾಂಡ್ರಿಯ 417 ಎಂದಿನಂತೆ ಎಡಗೈ ಚಾಚಿ ಚೀಟಿ ಕಿತ್ತುಕೊಂಡಳು. ಹದಿನೇಳು ವರ್ಷದಿಂದ ಇದೇ ಚಾಳಿ. ಬಲಗೈ ಏಪ್ರನ್ ಜೇಬಿನಲ್ಲಿ ಸುಖವಾಗಿ ಕೂತಿರುತ್ತದೆ. ಕೆಲವರಿಗೆ ಮರ್ಯಾದೆ ಎಂದರೇನು ಎಂದು ಯಾರೂ ಕಲಿಸಿರುವುದಿಲ್ಲ.

ಫೆಬ್ರವರಿ 6, ಗುರುವಾರ

ಗೊತ್ತಿಲ್ಲದ ಬಾಬ್ತುಗಳಿಗೆ ಬಂದು ಮುಟ್ಟಿದ್ದೇವೆ. ಅಡ್ಡಗೆರೆ ಒಂದೊಂದಕ್ಕೂ "ಇದೇನು ಮೇಡಂ, ಯಾರನ್ನಾದ್ರೂ ಕೇಳೋಣ್ವಾ?" ಎನ್ನುತ್ತಾಳೆ. ಯಾರನ್ನು ಕೇಳುವುದು? ಆ ವಿಭಾಗಗಳಿಗೆ ಹೋದರೆ ಎಲ್ಲರೂ ತಮ್ಮ ತಮ್ಮ ಗೋಳು ತೋಡಿಕೊಳ್ಳಲು ಶುರು ಮಾಡುತ್ತಾರೆ. ನಾನು ಕುರ್ಚಿ ಬಿಟ್ಟು ಎದ್ದರೆ ಕೆಲಸ ಕೆಟ್ಟಿತು.

"ಹೆಸರಲ್ಲೇ ಇದೆಯಲ್ಲಮ್ಮ" ಎಂದೆ. "ಸದ್ಯಕ್ಕೆ" ಎಂಬ ಬಾಬ್ತು ಒಬ್ಬಳಿಗೆ ಮಾತ್ರ ಹೋಗುತ್ತದೆ, ಲಾಂಡ್ರಿಯ 417ಕ್ಕೆ. ಸದ್ಯಕ್ಕೆ ಎಂದ ಮೇಲೆ ತಾತ್ಕಾಲಿಕ, ಇದರಲ್ಲಿ ಯೋಚಿಸಲು ಏನಿದೆ? "ತಾತ್ಕಾ_ಲಾಂಡ್ರಿ_ಭತ್ಯೆ" ಎಂದು ಬರೆದು ಮುಂದಕ್ಕೆ ಹೋದೆವು. ಅರ್ಧ ನಿಮಿಷದ ಕೆಲಸ. ಊಟಕ್ಕೆ ಮೊದಲು ಇಪ್ಪತ್ತೆರಡು ಮುಗಿಸಿದೆ.

ಫೆಬ್ರವರಿ 7, ಶುಕ್ರವಾರ

ಅಣ್ಣನಿಗೆ ನಡೆಯುವ ಅಭ್ಯಾಸ ಮಾಡಿಸಬೇಕಂತೆ. ಮೆಟ್ಟಿಲ ಬಾಗಿಲಿನವರೆಗೆ ಹೋಗಿ ಬರುವುದರೊಳಗೆ ಮೂರು ಜನರನ್ನು ಮಾತಾಡಿಸಿದ. ಎರಡು ನಿಮಿಷದ ದಾರಿಗೆ ನಲವತ್ತು ನಿಮಿಷ.

ಫೆಬ್ರವರಿ 19, ಬುಧವಾರ

ಮುನ್ನೂರ ಹನ್ನೆರಡೂ ಮುಗಿದವು. ಫೈನಾನ್ಸ್ ಆಫೀಸರು ಪಟ್ಟಿ ನೋಡಿ ಬಾಯಿ ತುಂಬ ಹೊಗಳಿದರು. ಪುಟದ ಮೇಲೆ ಒಂದರ ಕೆಳಗೊಂದು ಸಾಲಾಗಿ ನಿಂತಿವೆ, ಎಲ್ಲೂ ಕೊಂಕಿಲ್ಲ. ಮನೆಗೆ ಬಂದು ಅಣ್ಣನಿಗೂ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಪುಟ ಓದಿ, "ಚೆನ್ನಾಗಿದೆ ಕಣೇ. ಆದ್ರೆ ಡ್ರೈವರ್ ಗಲಾಟೆ ಏನಾಯ್ತು? ಅದನ್ನ ಓದ್ಬೇಕು ಅಂತಿದ್ದೆ" ಎಂದ.

ಇವನಿಗೆ ತೋರಿಸಿದ್ದೇ ತಪ್ಪು.

ಫೆಬ್ರವರಿ 28, ಶುಕ್ರವಾರ

ಸಂಬಳ ಹಳೇ ವ್ಯವಸ್ಥೆಯಲ್ಲೇ ಆಯಿತು. ಜೊತೆಗೆ ಹೊಸದರಿಂದ ಒಂದೊಂದು ಮಾದರಿ ಚೀಟಿಯನ್ನೂ ಹಂಚಿದೆವು, ನೋಡಿಕೊಳ್ಳಲಿ ಎಂದು. ಯಾರೂ ನೋಡಿಕೊಳ್ಳಲಿಲ್ಲ. 417 ಮಾತ್ರ ಊಟದ ಹೊತ್ತಿಗೆ ವಾಪಸ್ ಬಂದು ಕಿಟಕಿ ತಟ್ಟಿದಳು.

"ಮೇಡಂ, ನನ್ನದೊಂದು ಸಾಲು ಕೆಳಗಡೆ ಹೋಗಿಬಿಟ್ಟಿದೆ."

"ಮೊತ್ತ ಅಷ್ಟೇ ಇದೆಯಲ್ಲ?"

"ಇದೆ. ಆದ್ರೆ ತಾತ್ಕಾಲಿಕ ಅಂತ ಬಂದಿದೆ. ಅದು ತಾತ್ಕಾಲಿಕ ಅಲ್ಲ ಮೇಡಂ."

"ಹಳೇ ಚೀಟಿ ನೋಡಿ. ಸದ್ಯಕ್ಕೆ ಅಂತಲೇ ಇದೆ. ಎರಡೂ ಒಂದೇ" ಎಂದು ಕಿಟಕಿಗೆ ಹತ್ತಿರ ಹಿಡಿದು ತೋರಿಸಿದೆ. ಎರಡೂ ಚೀಟಿ ಮಡಿಸಿಕೊಂಡು ಹೋದಳು. ಮಾರ್ಚ್ ಮೂವತ್ತೊಂದಕ್ಕೆ ನಿವೃತ್ತಿಯಾಗುವವಳಿಗೆ ಸಾಲು ಮೇಲಿದ್ದರೇನು, ಕೆಳಗಿದ್ದರೇನು.

ಮಾರ್ಚ್ 11, ಮಂಗಳವಾರ

ಇವತ್ತಿನದನ್ನು ಇದ್ದದ್ದು ಇದ್ದಂತೆ ಬರೆಯಬೇಕು.

ಮೂವತ್ತೊಂದಕ್ಕೆ ನಿವೃತ್ತರಾಗುವ ಆರು ಜನರಿಗೆ ಪಿಂಚಣಿಯ ಅಂದಾಜು ಕಾಗದ ಹೋಗಿತ್ತು. ಹೊಸ ಸಾಫ್ಟ್‌ವೇರ್ "ನಿಯತ" ಎಂದು ಶುರುವಾಗುವ ಬಾಬ್ತುಗಳನ್ನು ಮಾತ್ರ ಕೂಡಿಸಿ ಪಿಂಚಣಿ ತೆಗೆಯುತ್ತದೆ. ಹನ್ನೊಂದು ಗಂಟೆಗೆ ಲಾಂಡ್ರಿಯಾಕೆ ಆ ಕಾಗದ ಹಿಡಿದುಕೊಂಡು ಬಂದಳು. ಈ ಸಲ ಕಿಟಕಿಗಲ್ಲ, ಒಳಗೇ ಬಂದು ನನ್ನ ಮೇಜಿನ ಮುಂದೆ ನಿಂತಳು.

"ನಾಲ್ಕರಲ್ಲಿ ಒಂದು ಪಾಲು ಕಮ್ಮಿ ಬಂದಿದೆ ಮೇಡಂ. ಆ ಸಾಲು ಸೇರಿಸಿಲ್ಲ."

"ತಾತ್ಕಾಲಿಕ ಭತ್ಯೆ ಪಿಂಚಣಿಗೆ ಸೇರಲ್ಲ."

"ಅದು ಸೇರುತ್ತೆ ಅಂತ ಆಗಿನ ಡೈರೆಕ್ಟರ್ ನನ್ನ ಮುಂದೆನೇ ಹೇಳಿದ್ರು. ನಾನು ಅದನ್ನ ಸೇರಿಸಿಯೇ ಲೆಕ್ಕ ಹಾಕ್ಕೊಂಡು ಕೂತಿದೀನಿ. ಒಂದು ರೂಮ್ ಇದೆ, ಅದರ ಬಾಡಿಗೆ ಕಟ್ಕೊಂಡು ಇದ್ದುಬಿಡೋಣ ಅಂತ. ಇಲ್ಲಾಂದ್ರೆ ಮಗಳ ಮನೆಗೆ ಹೋಗ್ಬೇಕು. ಅಳಿಯ ಒಳ್ಳೆಯವನೇ. ಆದ್ರೂ ನನಗೆ ಹೋಗೋಕೆ ಮನಸ್ಸಿಲ್ಲ ಮೇಡಂ."

"ಆದೇಶ ಇದೆಯಾ? ಬರಹದಲ್ಲಿ ಏನಾದರೂ?"

ಆಕೆ ಏಪ್ರನ್ ಜೇಬಿನಿಂದ ಬಲಗೈ ತೆಗೆದು ನನ್ನ ಮೇಜಿನ ಮೇಲಿಟ್ಟಳು. ಹೆಬ್ಬೆರಳು, ಕಿರುಬೆರಳು ಇದ್ದವು. ನಡುವಿನ ಮೂರು ಇರಲಿಲ್ಲ. ಬುಡದಲ್ಲಿ ಚರ್ಮ ನುಣ್ಣಗೆ ಹೊಳೆಯುತ್ತಿತ್ತು.

"ಹತ್ತೊಂಬತ್ತು ವರ್ಷದ ಹಿಂದೆ ಇಸ್ತ್ರಿ ರೋಲರಿಗೆ ಸಿಕ್ಕಿದ್ದು. ಬೇರೆ ಕಾಗದ ನನ್ನ ಹತ್ರ ಇಲ್ಲ."

ಅಡ್ಡಗೆರೆ ಟೈಪ್ ಮಾಡುವುದನ್ನು ನಿಲ್ಲಿಸಿದಳು. ನಾನು "ಹುಡುಕಿಸ್ತೀನಿ" ಎಂದೆ. ಆಕೆ ಕೈಯನ್ನು ವಾಪಸ್ ಜೇಬಿಗಿಟ್ಟುಕೊಂಡು ಹೋದಳು.

ಹದಿನೇಳು ವರ್ಷ, ತಿಂಗಳಿಗೊಂದು ಸಲ, ಆ ಎಡಗೈ ನೋಡಿ ನಾನು ಮೂಗು ಮುರಿದಿದ್ದೇನೆ. ಜನವರಿಯ ಪುಟ ತೆಗೆದು ನೋಡಿದೆ. ಬರೆದೂ ಇಟ್ಟಿದ್ದೇನೆ. ನಾಚಿಕೆಯಾಯಿತು.

ಮಾರ್ಚ್ 14, ಶುಕ್ರವಾರ

ಲಾಂಡ್ರಿಯ ಕಡತ, ಸಿಬ್ಬಂದಿ ಕಡತ, ಆದೇಶಗಳ ಕಡತ ಮೂರನ್ನೂ ನೋಡಿದೆ. ಎಲ್ಲೂ ಇಲ್ಲ. ಆಸ್ಪತ್ರೆಯ ಚಿಕಿತ್ಸೆ ದಾಖಲೆಯಲ್ಲಿ ಗಾಯದ ವಿವರ ಇದೆ, ಭತ್ಯೆಯ ಮಾತಿಲ್ಲ.

ಮಾರ್ಚ್ 17, ಸೋಮವಾರ

ಫೈನಾನ್ಸ್ ಆಫೀಸರಿಗೆ ಹೇಳಿದೆ. "ಆದೇಶ ಇಲ್ಲದೆ ನಾವೇನು ಮಾಡೋಕಾಗುತ್ತೆ ಮೇಡಂ? ನೀವೇ ಹೇಳ್ತಿದ್ರಲ್ಲ, ಕಾಗದ ಇಲ್ಲದ್ದು ಇಲ್ಲವೇ ಇಲ್ಲ ಅಂತ" ಎಂದರು. ಹೌದು, ನಾನೇ ಹೇಳುತ್ತಿದ್ದೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ದಾರಿಯಿಲ್ಲ.

ಅಡ್ಡಗೆರೆ ಪಕ್ಕಕ್ಕೆ ಕರೆದು ಹೇಳಿದಳು: "ಸೋಮವಾರ ಇಪ್ಪತ್ತನಾಲ್ಕಕ್ಕೆ ಮೊದಲ ರನ್. ಅದಕ್ಕೆ ಮುಂಚೆ ಆದ್ರೆ ಹೆಸರು ಬದಲಿಸೋಕೆ ಒಂದು ಸೆಕೆಂಡ್. ಆಮೇಲೆ ದೇವರೇ ಬಂದ್ರೂ ಆಗಲ್ಲ."

ಆದೇಶ ಕೈಗೆ ಸಿಗದೆ ಬದಲಿಸುವುದು ನನ್ನ ಜಾಯಮಾನವಲ್ಲ. ಹದಿನೇಳು ವರ್ಷದಲ್ಲಿ ಒಮ್ಮೆಯೂ ಮಾಡಿಲ್ಲ.

ಮಾರ್ಚ್ 20, ಗುರುವಾರ

ಅಣ್ಣನಿಗೆ ಎಲ್ಲ ಹೇಳಿದೆ. ಆಫೀಸಿನ ವಿಷಯ ಮನೆಯಲ್ಲಿ ಹೇಳಿದ್ದು ಇದೇ ಮೊದಲು ಇರಬೇಕು. ಅವನು ಕೇಳಿದ ಮೊದಲ ಪ್ರಶ್ನೆ, "ಆ ಸದ್ಯಕ್ಕೆ ಅಂತ ಬರೆದೋರು ಬದುಕಿದಾರಾ?"

ಹಳೇ ಹೆಡ್‌ಕ್ಲರ್ಕ್ ನಿವೃತ್ತರಾಗಿ ಹದಿನಾಲ್ಕು ವರ್ಷ. ನನಗೆ ಮೂರು ವರ್ಷ ಕೆಲಸ ಕಲಿಸಿದವರು. ಬದುಕಿದ್ದಾರೋ ಇಲ್ಲವೋ ನಾನು ವಿಚಾರಿಸಿಲ್ಲ. ಗುರುತು ಹೇಳಿದೆ: ಗಿಡ್ಡ ಆಳು, ಕಿವಿ ಮಂದ, ಹೋದಲ್ಲೆಲ್ಲ ಛತ್ರಿ ಮರೆಯುವವರು.

"ಕೆರೆ ಹಿಂದಿನ ಕೊನೇ ಸ್ಟಾಪಿನೋರು!" ಎಂದು ಅಣ್ಣ ಎದ್ದೇಬಿಟ್ಟ, ಕೋಲು ಮರೆತು. "ಅವರ ಛತ್ರಿನ ನಾನೇ ಆರು ಸಲ ಡಿಪೋದಿಂದ ತಂದುಕೊಟ್ಟಿದೀನಿ. ಭಾನುವಾರ ಹೋಗೋಣ ನಡಿ."

ಮಾರ್ಚ್ 23, ಭಾನುವಾರ

ಬಸ್ಸಿನಲ್ಲಿ ಹೋದೆವು. ಅಣ್ಣ ಡ್ರೈವರ್ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತು ರಾಜನಂತೆ ಪ್ರಯಾಣ ಮಾಡಿದ. ಈಗಿನ ಕಂಡಕ್ಟರ್ ಅವನ ಹತ್ತಿರ ದುಡ್ಡು ತೆಗೆದುಕೊಳ್ಳಲಿಲ್ಲ. ನನ್ನ ಹತ್ತಿರ ತೆಗೆದುಕೊಂಡ.

ಹೆಡ್‌ಕ್ಲರ್ಕ್ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಸೊರಗಿದ್ದಾರೆ, ಆದರೆ ಕಣ್ಣು ಹಾಗೇ ಇದೆ. ಅಣ್ಣನನ್ನು ನೋಡಿದ ಕೂಡಲೇ "ಛತ್ರಿ ಸಿಕ್ತಾ?" ಎಂದರು. ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ನಾನು ಅವರ ಕಿವಿಯ ಹತ್ತಿರ ಬಾಗಿ "ಸದ್ಯಕ್ಕೆ ಅನ್ನೋ ಬಾಬ್ತು ಏನು ಸಾರ್?" ಎಂದು ಮೂರು ಸಲ ಕೂಗಿದೆ. ಪಕ್ಕದ ಮನೆಯವರೂ ಹೊರಗೆ ಬಂದರು.

"ರೋಲರ್ ಹೆಣ್ಮಗಳದ್ದಲ್ವಾ?" ಎಂದರು, ಒಂದು ಕ್ಷಣವೂ ಯೋಚಿಸದೆ. "ಡೈರೆಕ್ಟರ್ ಬಂದು, ಸಂಬಳದ ಭಾಗ ಅಂತಲೇ ಕೊಡಿ, ಪಿಂಚಣಿಗೂ ಸೇರಬೇಕು, ಆರ್ಡರ್ ನಾಳೆ ಕಳಿಸ್ತೀನಿ ಅಂದ್ರು. ಆರ್ಡರ್ ಬರೋವರೆಗೂ ಇರಲಿ ಅಂತ ಸದ್ಯಕ್ಕೆ ಅಂತ ಬರೆದೆ. ಅವರ ನಾಳೆ ಬಂದಿದ್ದು ನಾಲ್ಕು ತಿಂಗಳಿಗೆ. ಅಷ್ಟರಲ್ಲಿ ಆ ಹೆಸರೇ ಕೂತುಬಿಟ್ಟಿತ್ತು."

"ಆರ್ಡರ್ ಎಲ್ಲಿದೆ ಸಾರ್?"

"ಯಂತ್ರ ರಿಪೇರಿ ಕಡತದಲ್ಲಿ. ಮತ್ತೆ ಯಾರ ಕೈಯೂ ಸಿಗದ ಹಾಗೆ ರೋಲರಿಗೆ ತಂತಿ ಬಲೆ ಹಾಕಿಸೋದಕ್ಕೂ ಆಕೆ ಭತ್ಯೆಗೂ ಒಂದೇ ಹಾಳೆಲಿ ಮಂಜೂರಾತಿ ಬಂತು. ಬಲೆ ಬಿಲ್ ಜೊತೆ ಪಿನ್ ಮಾಡಿಟ್ಟೆ."

ಇದನ್ನು ಯಾಕೆ ಎಲ್ಲೂ ಬರೆದಿಡಲಿಲ್ಲ ಎಂದು ರೇಗಿದೆ. ವಯಸ್ಸಾದವರ ಮೇಲೆ ಹಾಗೆ ರೇಗಬಾರದಿತ್ತು. ಅವರು ಬೇಜಾರು ಮಾಡಿಕೊಳ್ಳಲಿಲ್ಲ.

"ಬರೆದಿಡಬೇಕಿತ್ತು, ನಂದೇ ತಪ್ಪು. ಆದ್ರೆ ಅಷ್ಟು ವರ್ಷ ನಿನ್ನ ಕಣ್ಮುಂದೆನೇ ಇತ್ತಲ್ಲಮ್ಮ. ಒಂದು ಸಲನಾದ್ರೂ ಆಕೆನ ಯಾಕೆ ಕೇಳ್ಲಿಲ್ಲ?"

ಯಂತ್ರ ರಿಪೇರಿ ಕಡತ ಎಂದು ಚೀಟಿಯಲ್ಲಿ ಬರೆದುಕೊಳ್ಳುತ್ತಾ ಕೂತೆ. ಕಿವಿ ಮಂದವಾದವರ ಮುಂದೆ ಸುಮ್ಮನಿರುವುದು ಸುಲಭ, ಅಷ್ಟೇ ಅನುಕೂಲ.

ಮಾರ್ಚ್ 24, ಸೋಮವಾರ

ರೆಕಾರ್ಡ್ ರೂಮಿನ ಬೀಗ ನೋಡಿಕೊಳ್ಳುವವನು ರಜೆ. ನಾಳೆ ಬರುತ್ತಾನೆ.

ಹನ್ನೊಂದಕ್ಕೆ ಮೊದಲ ರನ್. ಫೈನಾನ್ಸ್ ಆಫೀಸರು, ಅವರ ಮೇಲಿನವರು, ಸಾಫ್ಟ್‌ವೇರ್ ಕಂಪನಿಯ ಇಬ್ಬರು, ಎಲ್ಲರೂ ನನ್ನ ಬೆನ್ನ ಹಿಂದೆ ನಿಂತಿದ್ದರು. ಒಂದು ದಿನ ತಡೆಯಿರಿ ಎಂದು ಕೇಳಬಹುದಿತ್ತು. ಅಡ್ಡಗೆರೆ ನನ್ನ ಮುಖವನ್ನೇ ನೋಡುತ್ತಿದ್ದಳು. ಕೈಯಲ್ಲಿ ಕಾಗದ ಇರಲಿಲ್ಲ. ಅಷ್ಟು ಜನರ ಮುಂದೆ, ಈ ಹೆಸರು ನಾನು ತಪ್ಪಾಗಿ ಇಟ್ಟಿದ್ದೇನೆ ಎನ್ನಲು ಬಾಯಿ ಬರಲಿಲ್ಲ.

ಒತ್ತಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮಾರ್ಚ್ 25, ಮಂಗಳವಾರ

ಸಿಕ್ಕಿತು. ತಂತಿ ಬಲೆಯ ಬಿಲ್ಲಿನ ಹಿಂದೆ, ತುಕ್ಕು ಹಿಡಿದ ಪಿನ್ನಿನಲ್ಲಿ. "ಸದರಿ ಭತ್ಯೆಯನ್ನು ಮೂಲ ಸಂಬಳದ ಭಾಗವೆಂದು ಪರಿಗಣಿಸಿ ನಿವೃತ್ತಿ ಸೌಲಭ್ಯಗಳಿಗೂ ಸೇರಿಸತಕ್ಕದ್ದು." ರೆಕಾರ್ಡ್ ರೂಮಿನ ನೆಲದ ಮೇಲೆ ಕೂತು ನಾಲ್ಕು ಸಲ ಓದಿದೆ.

ಮಾರ್ಚ್ 26, ಬುಧವಾರ

ಆಫೀಸರ ಕೋಣೆಯಲ್ಲಿ ಎರಡು ಗಂಟೆ.

"ಪಿಂಚಣಿ ಕಾಗದದಲ್ಲಿ ಕೈಯಲ್ಲೇ ತಿದ್ದಿಬಿಡಿ ಮೇಡಂ" ಎಂದರು.

ಅಡ್ಡಗೆರೆ ತಲೆಯಾಡಿಸಿದಳು. "ಈ ತಿಂಗಳು ತಿದ್ದಬಹುದು ಸಾರ್. ಆಮೇಲೆ ಪಿಂಚಣಿ ಪರಿಷ್ಕರಣೆ ಆದಾಗಲೆಲ್ಲ ಸಾಫ್ಟ್‌ವೇರ್ ಮತ್ತೆ ಹೆಸರು ನೋಡಿಯೇ ಕೂಡಿಸುತ್ತೆ. ಪ್ರತಿ ಸಲ ಆ ಸಾಲು ಬಿದ್ದುಹೋಗುತ್ತೆ. ಪ್ರತಿ ಸಲ ಅವರು ಇಲ್ಲಿಗೆ ಬಂದು ಕೇಳ್ಬೇಕು."

"ಹಾಗಾದ್ರೆ ಅರ್ಜಿ ಹಾಕಲಿ. ಒಂದೆರಡು ವರ್ಷದಲ್ಲಿ ಸರಿಹೋಗುತ್ತೆ."

ಒಂದೆರಡು ವರ್ಷ ಆ ರೂಮಿನ ಬಾಡಿಗೆ ಯಾರು ಕಟ್ಟುತ್ತಾರೆ ಎಂದು ಕೇಳಿದೆ. ಅವರಿಗೆ ಯಾವ ರೂಮು ಎಂದು ಅರ್ಥವಾಗಲಿಲ್ಲ.

ಉಳಿದದ್ದು ಒಂದೇ ದಾರಿ. ಇಡೀ ರನ್ ರದ್ದು ಮಾಡಿ, ಹೊಸ ಬಾಬ್ತು ಹುಟ್ಟಿಸಿ, ಎಲ್ಲರ ಸಂಬಳವನ್ನೂ ಮೊದಲಿಂದ ಮಾಡುವುದು. ನಾಳೆ ಮಧ್ಯಾಹ್ನದೊಳಗೆ ಬ್ಯಾಂಕಿಗೆ ಪಟ್ಟಿ ಹೋಗುವುದಿಲ್ಲ. ಶುಕ್ರವಾರ ಬರಬೇಕಾದ ಸಂಬಳ ಸೋಮವಾರ ಬರುತ್ತದೆ.

"ಸಾವಿರದ ನೂರ ನಲವತ್ತು ಜನ ಒಬ್ಬರಿಗೋಸ್ಕರ ಮೂರು ದಿನ ಕಾಯಬೇಕಾ?" ಎಂದರು ಆಫೀಸರು. ನ್ಯಾಯವಾದ ಪ್ರಶ್ನೆಯೇ.

"ಆಕೆ ಹತ್ತೊಂಬತ್ತು ವರ್ಷ ಕಾದಿದಾರೆ ಸಾರ್" ಎಂದೆ. "ನೋಟೀಸಿನಲ್ಲಿ ತಾಂತ್ರಿಕ ಕಾರಣ ಅಂತ ಹಾಕಬೇಡಿ. ನನ್ನ ತಪ್ಪು ಅಂತ ಹಾಕಿ. ಬೈಯೋರು ನನ್ನನ್ನೇ ಬೈಲಿ."

ಅವರು ನನಗೆ ಮೆಮೊ ಕೊಡಬೇಕಾಗುತ್ತದೆ ಎಂದರು. ಕೊಡಿ ಎಂದೆ. ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಅಡ್ಡಗೆರೆ ನೀರು ತಂದುಕೊಟ್ಟಳು. ಈ ಹುಡುಗಿ ಬೆಳಿಗ್ಗೆ ತಿಂಡಿ ತಿನ್ನದೆ ಬರುತ್ತಾಳಂತೆ, ಎರಡೂವರೆ ತಿಂಗಳಾದ ಮೇಲೆ ಇವತ್ತು ಗೊತ್ತಾಯಿತು. ನಾಳೆ ಒಂದು ಡಬ್ಬಿ ಹೆಚ್ಚಿಗೆ ಕಟ್ಟಬೇಕು.

ಮಾರ್ಚ್ 27, ಗುರುವಾರ

ರನ್ ರದ್ದಾಯಿತು. ಹಳೇ ಹೆಸರನ್ನು ಅಳಿಸಲು ಬರುವುದಿಲ್ಲವಂತೆ. "ತಾತ್ಕಾ_ಲಾಂಡ್ರಿ_ಭತ್ಯೆ" ಮುಚ್ಚಿದ ಬಾಬ್ತು ಎಂದು ಪಟ್ಟಿಯಲ್ಲಿ ಉಳಿಯುತ್ತದೆ, ಪಕ್ಕದಲ್ಲಿ ಅದನ್ನು ಹುಟ್ಟಿಸಿದ ನನ್ನ ನಂಬರ್ ಸಮೇತ. ಉಳಿಯಲಿ.

ಹೊಸದಕ್ಕೆ "ನಿಯತ_ಲಾಂಡ್ರಿ_ಗಾಯ_ಭತ್ಯೆ" ಎಂದು ಇಟ್ಟೆ. ವಿವರಣೆ ಕಾಲಮ್ಮಿನಲ್ಲಿ ಆದೇಶದ ಸಂಖ್ಯೆ, ಅದು ಯಾವ ಕಡತದಲ್ಲಿ ಯಾವ ಬಿಲ್ಲಿನ ಹಿಂದಿದೆ, ರೋಲರ್, ಬಲಗೈ, ಮೂರು ಬೆರಳು, ಎಲ್ಲವನ್ನೂ ಬರೆದೆ. ಜಾಗ ಸಾಲದೆ ಎರಡನೇ ಸಾಲಿಗೆ ಹೋಯಿತು. ನಿಯಮದಲ್ಲಿ ಇದಕ್ಕೆ ಅವಕಾಶ ಇದೆಯಾ ಎಂದು ಅಡ್ಡಗೆರೆಯನ್ನು ಕೇಳಿದೆ. "ಮೊದಲಿಂದಲೂ ಇದೆ ಮೇಡಂ" ಎಂದಳು.

ಮೆಮೊಗೆ ಉತ್ತರವನ್ನೂ ಇವತ್ತೇ ಕೊಟ್ಟೆ. ಪ್ರತಿಯೊಂದು ಬಾಬ್ತನ್ನೂ ಸಂಬಂಧಪಟ್ಟವರಲ್ಲಿ ವಿಚಾರಿಸಿ ಖಚಿತಪಡಿಸಿಕೊಂಡಿದ್ದಿರಾ ಎಂದು ಕೇಳಿದ್ದರು. "ಇಲ್ಲ. ಹೆಸರು ನೋಡಿ ತೀರ್ಮಾನಿಸಿದೆ" ಎಂದು ಬರೆದು ಸಹಿ ಹಾಕಿದೆ.

ಮಾರ್ಚ್ 28, ಶುಕ್ರವಾರ

ಬೆಳಿಗ್ಗೆಯಿಂದ ಬೈಗುಳ. ಕಿಟಕಿ ಮುಚ್ಚಿಬಿಡಿ ಎಂದು ಎಲ್ಲರೂ ಹೇಳಿದರು, ನಾನು ತೆರೆದೇ ಕೂತೆ. ಅಡುಗೆಮನೆಯವರು, ಡ್ರೈವರುಗಳು, ನರ್ಸುಗಳು ಸಾಲಾಗಿ ಬಂದರು. ಒಬ್ಬನ ಮಗುವಿನ ಫೀಸ್ ಕಟ್ಟಲು ಇವತ್ತೇ ಕೊನೇ ದಿನ. ಶಾಲೆಯ ಫೋನ್ ನಂಬರ್ ಇಸಿದುಕೊಂಡು ನಾನೇ ಮಾತಾಡಿ ಸೋಮವಾರದವರೆಗೆ ಅವಕಾಶ ಕೇಳಿದೆ. ಇನ್ನೂ ನಾಲ್ಕು ಜನರದ್ದು ಹೀಗೇ ಆಯಿತು.

ಲಾಂಡ್ರಿಯ ಅಕ್ಕನೂ ಬಂದರು. "ಮೊದಲು ಸಾಲು ಕೆಳಗೆ ಹಾಕಿದ್ರಿ, ಪಿಂಚಣಿ ಕಮ್ಮಿ ಮಾಡಿದ್ರಿ, ಈಗ ಕಡೇ ಸಂಬಳನೂ ಹೊತ್ತಿಗೆ ಸರಿಯಾಗಿ ಕೊಡಲ್ವಲ್ಲ ನೀವು! ಎಲ್ಲೋ ಕೂತು ಬರೆಯೋರಿಗೆ ಏನು ಗೊತ್ತಾಗುತ್ತೆ!" ಎಂದು ಸಾಲಿನವರೆಲ್ಲ ತಿರುಗಿ ನೋಡುವಂತೆ ಬೈದರು. ಪಿಂಚಣಿಯ ಹೊಸ ಕಾಗದ ಇನ್ನೂ ಪಕ್ಕಾ ಆಗಿರಲಿಲ್ಲ. ಆಗದ ಮಾತು ಕೊಡುವುದು ಬೇಡ ಎಂದು "ತಪ್ಪಾಯ್ತು ಅಕ್ಕ" ಎಂದಷ್ಟೇ ಹೇಳಿದೆ.

ರಕ್ತದೊತ್ತಡ ನೋಡಿಸಲು ಮರೆತೆ.

ಮಾರ್ಚ್ 30, ಭಾನುವಾರ

ಅಣ್ಣ ಮೆಟ್ಟಿಲು ಹತ್ತಬಹುದು ಎಂದು ಡಾಕ್ಟರು ಹೇಳಿ ಹತ್ತು ದಿನವಾಯಿತು. ಇವತ್ತು ಚೀಲ ಕಟ್ಟಲು ಶುರು ಮಾಡಿದ. ಮೂರು ಮಹಡಿ ಅಂದರೆ ಹುಡುಗಾಟವಲ್ಲ, ಇನ್ನೊಂದು ವಾರ ಇರು, ಅವಸರವೇನು ಎಂದೆ. ದರ್ಜಿಯ ಹೆಂಡತಿಯ ಕಿವಿಗೆ ನಮ್ಮ ಆಸ್ಪತ್ರೆಯಲ್ಲಿ ಬುಧವಾರ ಸಮಯ ಕೊಡಿಸಿದ್ದೇನೆ, ಜೊತೆಗೆ ಹೋಗಲು ಒಬ್ಬರು ಬೇಕು.

ಮಾರ್ಚ್ 31, ಸೋಮವಾರ

ಒಂಬತ್ತೂವರೆಗೆ ಎಲ್ಲರ ಸಂಬಳ ಬಂತು. ಹತ್ತಕ್ಕೆ ಪಿಂಚಣಿ ಕಾಗದ ಪಕ್ಕಾ ಆಗಿ ಆಫೀಸರ ಸಹಿಯೂ ಆಯಿತು. ಹೇಳಿ ಕಳಿಸುವುದು ಬೇಡ ಎನಿಸಿ ನಾನೇ ತೆಗೆದುಕೊಂಡು ಹೋದೆ.

ಲಾಂಡ್ರಿ ಇರುವುದು ನೆಲಮಾಳಿಗೆಯಲ್ಲಿ. ದಾರಿ ಗೊತ್ತಿರಲಿಲ್ಲ, ಇಬ್ಬರನ್ನು ಕೇಳಿದೆ. ಬಾಗಿಲು ತಳ್ಳಿದರೆ ಮುಖಕ್ಕೆ ಬಿಸಿ ಆವಿ, ಸೋಪಿನ ಘಮವಿಲ್ಲದ ಒದ್ದೆ ಬಟ್ಟೆಯ ವಾಸನೆ, ಕಿವಿ ಕಿತ್ತುಹೋಗುವ ಸದ್ದು. ರೋಲರಿಗೆ ತಂತಿ ಬಲೆ ಇದೆ. ಏಳೆಂಟು ಜನರ ನಡುವೆ ಅಕ್ಕ ಅದರ ಪಕ್ಕದಲ್ಲೇ ನಿಂತು ಹಾಸಿಗೆ ಬಟ್ಟೆ ಮಡಿಸುತ್ತಿದ್ದರು, ಕೊನೇ ದಿನವೂ.

ನನ್ನನ್ನು ನೋಡಿ ಮುಖ ಊದಿಸಿಕೊಂಡರು. ಕಾಗದ ಕೊಟ್ಟೆ. ಬಟ್ಟೆಯ ರಾಶಿಯ ಮೇಲಿಟ್ಟುಕೊಂಡು, ತುಟಿ ಅಲ್ಲಾಡಿಸುತ್ತಾ ಒಂದೊಂದೇ ಸಾಲು ಓದಿದರು. ಮೂರನೇ ಸಾಲಿಗೆ ಬಂದು ನಿಂತರು. ಮತ್ತೆ ಮೊದಲಿಂದ ಓದಿದರು.

"ಸೇರಿಸಿದೀರಾ" ಎಂದರು.

"ಸೇರಿದೆ. ಇನ್ನು ಯಾವತ್ತೂ ಬಿದ್ದುಹೋಗಲ್ಲ. ನೀವು ಮತ್ತೆ ಬಂದು ಕೇಳೋ ಹಾಗಿಲ್ಲ."

"ಸಂಬಳ ಲೇಟಾಗಿದ್ದು ಇದಕ್ಕೇನಾ?"

"ಹೌದು."

"ಎಲ್ಲರದ್ದೂ?"

"ಎಲ್ಲರದ್ದೂ."

ಯಂತ್ರ ಒಂದು ಸುತ್ತು ಮುಗಿಸಿ ನಿಂತಿತು. "ಶುಕ್ರವಾರ ಬಾಯಿಗೆ ಬಂದ ಹಾಗೆ ಬೈದುಬಿಟ್ಟೆ ನಿಮ್ಮನ್ನ" ಎಂದರು.

"ಬೈಯೋ ಹಾಗೇ ಇತ್ತಲ್ಲ ಅಕ್ಕ."

ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಏಪ್ರನ್ನಿಗೆ ಸೇರಿಸಿದರು. ಆಮೇಲೆ ಏನೋ ಹೊಳೆದವರಂತೆ ನನ್ನ ಕಡೆ ತಿರುಗಿ, "ನಿಮ್ಮ ಸಂಬಳನೂ ಇವತ್ತೇ ಬಂತಾ?" ಎಂದರು.

"ಇವತ್ತೇ."

"ಪಾಪ. ನಿಮಗೂ ಮನೆ ಬಾಡಿಗೆ ಕಟ್ಟೋಕೆ ಕಷ್ಟ ಆಯ್ತೇನೋ."

ನನಗೆ ಅಳು ಬಂತು. ಅಷ್ಟು ಜನರ ಮುಂದೆ ಅಳುವುದು ಹೇಗೆ? ಆವಿಗೆ ಕಣ್ಣು ಉರೀತಿದೆ ಎಂದೆ.

"ಹಾಗೇ ಆಗುತ್ತೆ" ಎಂದು ಅಕ್ಕ ಮಡಿಸಿಟ್ಟಿದ್ದ ಒಂದು ಬಟ್ಟೆ ಎತ್ತಿಕೊಟ್ಟರು. "ಮೊದಲನೇ ಸಲ ಬಂದಿದೀರಲ್ಲ."